ಲ್ಯಾಮಿಂಗ್ಟನ್ ರೋಡಿನ ಗ್ರಾಫಿಕ್ಸ್ ಕಾರ್ಡು: ಕತ್ತರಿ ಬಿದ್ದದ್ದೆಲ್ಲಿ?

ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಪೂರ್ವಕ್ಕೆ ಇಳಿದು ಸ್ವಲ್ಪ ದೂರ ನಡೆದರೆ ಲ್ಯಾಮಿಂಗ್ಟನ್ ರೋಡ್. ಸರ್ಕಾರಿ ಹೆಸರು ಡಾ. ದಾದಾಸಾಹೇಬ ಭಡಕಮಕರ ಮಾರ್ಗ. 1975ರಲ್ಲಿ ತೆರೆಕಂಡ ‘ಶೋಲೆ’ ಐದು ವರ್ಷ ಓಡಿದ ಮಿನರ್ವಾ ಚಿತ್ರಮಂದಿರ ಇದ್ದದ್ದು ಇಲ್ಲೇ. ಹಿಂದಿ ಸಿನಿಮಾ ಹಂಚಿಕೆದಾರರು ವ್ಯವಹಾರ ಕುದುರಿಸುತ್ತಿದ್ದ ನಾಜ್ ಕಟ್ಟಡವೂ ಇಲ್ಲೇ. ಈಗ ರಸ್ತೆಯ ಎರಡೂ ಬದಿಗೆ ಕಂಪ್ಯೂಟರ್ ಬಿಡಿಭಾಗ, ಕೇಬಲ್ಲು, ಸಿಸಿಟಿವಿ, ಕೆಪಾಸಿಟರ್ ಮಾರುವ ಅಂಗಡಿಗಳು. ಶನಿವಾರ ಮಧ್ಯಾಹ್ನ ಹೋದರೆ ಕಾಲೇಜು ಓದುವ ಮಗನ ಜತೆ ಡೊಂಬಿವಲಿಯಿಂದಲೋ ಮೀರಾ ರೋಡಿನಿಂದಲೋ ಬಂದು, ಕಪಾಟಿನ ಮೇಲಿನ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಗಳನ್ನು ನೋಡುತ್ತ ನಿಂತ ಅಪ್ಪಂದಿರು ಸಿಗುತ್ತಾರೆ. ಅವರ ನಡುವಿನ ಪಿಸುಮಾತು ಒಮ್ಮೊಮ್ಮೆ ಕನ್ನಡದಲ್ಲೋ ತುಳುವಿನಲ್ಲೋ ಕಿವಿಗೆ ಬೀಳುತ್ತದೆ. ಹೋಟೆಲಿನ ಗಲ್ಲೆಯಲ್ಲಿ ಕೂತು, ಬ್ಯಾಂಕಿನಲ್ಲಿ ದುಡಿದು, ಟ್ಯೂಷನ್ ಹೇಳಿ ಕೂಡಿಸಿದ ಮೂವತ್ತು ಸಾವಿರ ರೂಪಾಯಿ ಸಣ್ಣ ದುಡ್ಡಲ್ಲ. ಅದರ ಮೇಲೆ ಶೇ 18 ಜಿಎಸ್‌ಟಿಯ ಭಾರವೂ ಸೇರಿರುತ್ತದೆ. ಈ ಬರಹ ಅವರಿಗಾಗಿ.

ಅವರ ಎದುರಿಗಿರುವ ಗೊಂದಲ ಇದು. ‘ಆರ್‌ಟಿಎಕ್ಸ್ 4060’ ಎಂಬ ಒಂದೇ ಹೆಸರಿನ ಕಾರ್ಡು ಏಸುಸ್, ಎಂಎಸ್‌ಐ, ಗಿಗಾಬೈಟ್, ಜೋಟಾಕ್, ಇನ್ನೋ3ಡಿ, ಗ್ಯಾಲಕ್ಸ್ ಎಂದು ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಬರುತ್ತದೆ. ಒಂದಕ್ಕೆ ಎರಡು ಫ್ಯಾನು, ಇನ್ನೊಂದಕ್ಕೆ ಮೂರು. ಒಂದು ಬಿಳಿ, ಒಂದರ ಮೈತುಂಬ ಬಣ್ಣದ ದೀಪ. ಬೆಲೆಯಲ್ಲಿ ಸಾವಿರಾರು ರೂಪಾಯಿ ಅಂತರ. ಒಳಗಿನ ಚಿಪ್ ಮಾತ್ರ ಎಲ್ಲದರಲ್ಲೂ ಅದೇ, ಎನ್ವಿಡಿಯಾ ಕಂಪನಿಯದು. ಮೇಲ್ದರ್ಜೆಯ ಕೆಲವು ಕಾರ್ಡುಗಳಿಗೆ ಎನ್ವಿಡಿಯಾ ತಾನೇ ಬೋರ್ಡು, ಕೂಲರ್ ವಿನ್ಯಾಸ ಮಾಡಿ ಮಾರುತ್ತದೆ. 4060ಕ್ಕೆ ಹಾಗೆ ಮಾಡಲಿಲ್ಲ. ಚಿಪ್ಪಿನ ಸುತ್ತ ಏನಿರಬೇಕು ಎಂಬುದನ್ನು ಪಾಲುದಾರ ಕಂಪನಿಗಳಿಗೇ ಬಿಟ್ಟಿತು.

ಮಧ್ಯಮ ದರ್ಜೆಯ ಕಾರ್ಡನ್ನು ಅರ್ಥಮಾಡಿಕೊಳ್ಳಲು ನನಗೆ ತೋರುವ ಸರಿಯಾದ ದಾರಿ ಒಂದೇ. ಅದರಲ್ಲಿ ಏನಿದೆ ಎಂದು ನೋಡುವ ಮೊದಲು ಎಲ್ಲಿ ಕತ್ತರಿ ಬಿದ್ದಿದೆ ಎಂದು ನೋಡಬೇಕು. ಒಂದೂವರೆ ಲಕ್ಷದ ಕಾರ್ಡಿನಲ್ಲಿ ಎಂಜಿನಿಯರ್ ಏನನ್ನಾದರೂ ಸೇರಿಸಬಲ್ಲ. 299 ಡಾಲರಿಗೆ ಮಾರಬೇಕಾದ ಕಾರ್ಡಿನಲ್ಲಿ ಪ್ರತಿಯೊಂದು ಸೇರ್ಪಡೆಗೂ ಇನ್ನೆಲ್ಲೋ ಒಂದು ಕಡಿತ ಇರುತ್ತದೆ. ಆ ಕಡಿತ ನಿಮ್ಮ ಮನೆಗೆ, ನಿಮ್ಮ ಹಳೆಯ ಕಂಪ್ಯೂಟರಿಗೆ, ಮುಂಬೈಯ ಹವೆಗೆ ಹೊಂದುತ್ತದೆಯೇ ಎಂಬುದಷ್ಟೇ ಪ್ರಶ್ನೆ.

ಮೊದಲು ಚಿಪ್. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080ರಂತೆ ಒಟ್ಟು ಸುಮಾರು 20.7 ಲಕ್ಷ ಬಿಂದುಗಳಿರುತ್ತವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಹನ್ನೆರಡು ಕೋಟಿಗೂ ಮೀರಿ ಸಲ ಒಂದು ಬಿಂದುವಿನ ಬಣ್ಣ ನಿರ್ಧಾರವಾಗಬೇಕು. ಪ್ರತಿ ನಿರ್ಧಾರದ ಹಿಂದೆ ಬೆಳಕು, ನೆರಳು, ಮೇಲ್ಮೈಯ ಒರಟುತನದ ಲೆಕ್ಕ. ಒಂದು ಬಿಂದುವಿನ ಲೆಕ್ಕ ಮುಗಿಯಲೆಂದು ಪಕ್ಕದ ಬಿಂದು ಕಾಯಬೇಕಿಲ್ಲ. ಹಾಗಾಗಿ ಇಲ್ಲಿ ಸಿಪಿಯುವಿನಂತೆ ನಾಲ್ಕೆಂಟು ಜಾಣ ಕೋರ್‌ಗಳಿಗಿಂತ ಸಾವಿರಾರು ಸರಳ ಕೋರ್‌ಗಳು ಹೆಚ್ಚು ಕೆಲಸಕ್ಕೆ ಬರುತ್ತವೆ. 4060ರಲ್ಲಿ ಅಂಥವು 3072 ಇವೆ.

2016ರಲ್ಲಿ ಬಂದ ಜಿಟಿಎಕ್ಸ್ 1060 ಮುಂಬೈಯ ಎಷ್ಟೋ ಹುಡುಗರ ಮೊದಲ ‘ನಿಜವಾದ’ ಕಾರ್ಡು. ಆಟಗಳನ್ನು ಮಾರುವ ಸ್ಟೀಮ್ ಜಾಲತಾಣದ ಮಾಸಿಕ ಸಮೀಕ್ಷೆಯಲ್ಲಿ ಅದು ವರ್ಷಗಟ್ಟಲೆ ಮೊದಲ ಸ್ಥಾನ ಬಿಟ್ಟುಕೊಡಲಿಲ್ಲ. ಅದರ ಚಿಪ್ಪಿನ ವಿಸ್ತೀರ್ಣ 200 ಚದರ ಮಿಲಿಮೀಟರ್, ಟ್ರಾನ್ಸಿಸ್ಟರುಗಳು 440 ಕೋಟಿ. 2023ರ ಜೂನಿನಲ್ಲಿ ಬಂದ 4060ರ ಚಿಪ್ ಸುಮಾರು 159 ಚದರ ಮಿಲಿಮೀಟರ್, ಅಂದರೆ ಒಂದೂಕಾಲು ಸೆಂಟಿಮೀಟರ್ ಉದ್ದಗಲದ್ದು. ಟ್ರಾನ್ಸಿಸ್ಟರುಗಳು 1890 ಕೋಟಿ. ಗಾತ್ರ ಇಳಿಯಿತು, ಸಾಂದ್ರತೆ ಐದು ಪಟ್ಟು ಏರಿತು. ತೈವಾನಿನ ಟಿಎಸ್‌ಎಂಸಿ ಕಾರ್ಖಾನೆಯ ಹೊಸ ತಯಾರಿಕಾ ವಿಧಾನದ ಸಾಧನೆ ಅದು, ಮೆಚ್ಚಬೇಕಾದದ್ದೇ.

ಆದರೆ ಮೊದಲ ಕತ್ತರಿಯೂ ಇಲ್ಲೇ. ಎನ್ವಿಡಿಯಾ ಪ್ರತಿ ಪೀಳಿಗೆಯ ಚಿಪ್ಪುಗಳಿಗೂ ಒಳಗಿನ ಸಂಖ್ಯೆ ಕೊಡುತ್ತದೆ. ಕೊನೆಯ ಅಂಕಿ ದೊಡ್ಡದಾದಷ್ಟೂ ಚಿಪ್ ಚಿಕ್ಕದು. 1060, 2060, 3060 ಮೂರಕ್ಕೂ ‘06’ ಎಂದು ಮುಗಿಯುವ ಚಿಪ್ ಇತ್ತು. 4060ಕ್ಕೆ ಬಂದದ್ದು ಎಡಿ107, ಒಂದು ಮೆಟ್ಟಿಲು ಕೆಳಗಿನದು. ಪೆಟ್ಟಿಗೆಯ ಮೇಲಿನ ‘60’ ಹಾಗೇ ಉಳಿಯಿತು. ಹೊಸ ವಿಧಾನದಲ್ಲಿ ಪ್ರತಿ ಚದರ ಮಿಲಿಮೀಟರಿನ ಬೆಲೆ ಏರಿದೆ ಎಂಬುದು ನಿಜ. ಅದಕ್ಕೆ ಉತ್ತರವಾಗಿ ಚಿಪ್ಪನ್ನು ಕುಗ್ಗಿಸಿದರು. 3060ಕ್ಕಿಂತ 4060 ಸುಮಾರು ಐದನೇ ಒಂದು ಪಾಲಿನಷ್ಟೇ ಹೆಚ್ಚು ವೇಗವಾಗಿರುವುದಕ್ಕೆ ಈ ನಿರ್ಧಾರವೂ ಒಂದು ಕಾರಣ.

ಎರಡನೆಯ ಕತ್ತರಿ ಮೆಮೊರಿಗೆ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಯಾಕೆಂದರೆ ಮೂರು ವರ್ಷದ ನಂತರ ಕಾರ್ಡು ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಇಲ್ಲೇ ತೀರ್ಮಾನವಾಗುತ್ತದೆ.

ಕೂಲರ್ ಬಿಚ್ಚಿದ 4060 ಬೋರ್ಡನ್ನು ಅಂಗೈಯಲ್ಲಿ ಹಿಡಿದು ನೋಡಿದರೆ ನಡುವೆ ಕನ್ನಡಿಯಂತೆ ಹೊಳೆಯುವ ಚಿಪ್, ಅದರ ಸುತ್ತ ನಾಲ್ಕು ಕಪ್ಪು ಚೌಕಗಳು ಕಾಣುತ್ತವೆ. ಅವೇ ಜಿಡಿಡಿಆರ್6 ಮೆಮೊರಿ ಚಿಪ್ಪುಗಳು. ಒಂದೊಂದೂ 2 ಜಿಬಿ, ಒಂದೊಂದಕ್ಕೂ 32 ಬಿಟ್‌ನ ದಾರಿ. ನಾಲ್ಕು ಸೇರಿ 8 ಜಿಬಿ, 128 ಬಿಟ್. ಎಷ್ಟೋ ಬೋರ್ಡುಗಳಲ್ಲಿ ಪಕ್ಕದಲ್ಲಿ ಖಾಲಿ ಜಾಗ ಧಾರಾಳವಾಗಿರುತ್ತದೆ. ‘ಅಲ್ಲೇ ಇನ್ನೆರಡು ಕೂರಿಸಿ 12 ಜಿಬಿ ಮಾಡಬಹುದಿತ್ತಲ್ಲ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗದು. ಚಿಪ್ಪಿನ ಅಂಚಿನಲ್ಲಿ ಮೆಮೊರಿಯೊಡನೆ ಮಾತಾಡುವ ವಿಭಾಗ ಇರುವುದೇ ನಾಲ್ಕಕ್ಕೆ ಸಾಕಾಗುವಷ್ಟು. ಲೆಕ್ಕ ಮಾಡುವ ಟ್ರಾನ್ಸಿಸ್ಟರುಗಳು ಪ್ರತಿ ಪೀಳಿಗೆಯಲ್ಲೂ ಕುಗ್ಗುತ್ತವೆ. ಹೊರಗಿನ ತಂತಿಗೆ ವಿದ್ಯುತ್ ತಳ್ಳಬೇಕಾದ ಈ ವಿಭಾಗ ಅಷ್ಟಾಗಿ ಕುಗ್ಗುವುದಿಲ್ಲ. ಅದು ಕೂರಬೇಕಾದದ್ದು ಅಂಚಿನಲ್ಲಿ, ಚಿಪ್ ಚಿಕ್ಕದಾದಂತೆ ಅಂಚೂ ಗಿಡ್ಡವಾಗುತ್ತದೆ. ಚಿಪ್ ಕಿರಿದಾಗಿಸುವ ಮೊದಲ ನಿರ್ಧಾರ ಮೆಮೊರಿಯ ದಾರಿಯನ್ನೂ ಕಿರಿದಾಗಿಸಿತು. 3060ರಲ್ಲಿ ಆರು ಚಿಪ್ಪು, 192 ಬಿಟ್, 12 ಜಿಬಿ ಇತ್ತು.

ದಾರಿ ಕಿರಿದಾದರೆ ಏನು ನಷ್ಟ? ವಿರಾರ್ ಫಾಸ್ಟ್ ಲೋಕಲ್ಲಿನ ಲೆಕ್ಕವೇ ಇಲ್ಲೂ. ಒಂದು ಗಂಟೆಯಲ್ಲಿ ಚರ್ಚ್‌ಗೇಟಿಗೆ ಎಷ್ಟು ಜನ ತಲುಪುತ್ತಾರೆ ಎಂಬುದು ಬೋಗಿಗಳ ಸಂಖ್ಯೆ ಮತ್ತು ಗಾಡಿಯ ವೇಗ ಎರಡನ್ನೂ ಅವಲಂಬಿಸಿದೆ. 3060ರಲ್ಲಿ ಬೋಗಿ ಹೆಚ್ಚು: 192 ಬಿಟ್, ಪ್ರತಿ ತಂತಿಯಲ್ಲಿ ಸೆಕೆಂಡಿಗೆ 15 ಗಿಗಾಬಿಟ್, ಒಟ್ಟು 360 ಗಿಗಾಬೈಟ್. 4060ರಲ್ಲಿ ಗಾಡಿ ತುಸು ಚುರುಕು, ಬೋಗಿ ಕಡಿಮೆ: 128 ಬಿಟ್, 17 ಗಿಗಾಬಿಟ್, ಒಟ್ಟು 272 ಗಿಗಾಬೈಟ್. ಈ ಕೊರತೆ ತುಂಬಲು ಎಂಜಿನಿಯರುಗಳು ಚಿಪ್ಪಿನೊಳಗಿನ ಎಲ್2 ಕ್ಯಾಶ್ ಅನ್ನು 3 ಎಂಬಿಯಿಂದ 24 ಎಂಬಿಗೆ ಏರಿಸಿದರು. ಆಫೀಸಿನ ಪಕ್ಕದಲ್ಲೇ ಮನೆ ಇದ್ದವರಿಗೆ ಲೋಕಲ್ ಬೇಡವಲ್ಲ, ಹಾಗೆ. ಪದೇ ಪದೇ ಬೇಕಾಗುವ ದತ್ತಾಂಶ ಚಿಪ್ಪಿನೊಳಗೇ ಸಿಕ್ಕರೆ ಹೊರಗಿನ ಮೆಮೊರಿಗೆ ಓಡಾಟ ತಪ್ಪುತ್ತದೆ, ವಿದ್ಯುತ್ತೂ ಉಳಿಯುತ್ತದೆ. ಈ ಉಪಾಯವನ್ನು ಎಎಂಡಿ ‘ಇನ್ಫಿನಿಟಿ ಕ್ಯಾಶ್’ ಎಂಬ ಹೆಸರಿನಲ್ಲಿ ಮೊದಲೇ ತಂದಿತ್ತು. 4060ರ ನೇರ ಪ್ರತಿಸ್ಪರ್ಧಿ ಆರ್‌ಎಕ್ಸ್ 7600ರಲ್ಲಿ ಅದು 32 ಎಂಬಿ.

ಫುಲ್ ಎಚ್‌ಡಿ ಪರದೆಯ ಮಟ್ಟಿಗೆ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಪರದೆ ದೊಡ್ಡದಾದಂತೆ ಬೇಕಾದ ದತ್ತಾಂಶ ಕ್ಯಾಶ್‌ನಲ್ಲಿ ಸಿಗುವ ಸಂಭವ ಇಳಿಯುತ್ತದೆ, ಕಿರಿದಾದ ದಾರಿಯ ಕಷ್ಟ ಎದ್ದು ಕಾಣುತ್ತದೆ. ಮತ್ತೊಂದು ಮಾತು ಮರೆಯಬಾರದು: ಕ್ಯಾಶ್ ಎಷ್ಟೇ ಇರಲಿ, ಅದು 8 ಜಿಬಿಯನ್ನು 12 ಮಾಡುವುದಿಲ್ಲ. 2023ರ ಆರಂಭದಲ್ಲಿ ಪಿಸಿಗೆ ಬಂದ ‘ಹಾಗ್ವರ್ಟ್ಸ್ ಲೆಗಸಿ’, ‘ದ ಲಾಸ್ಟ್ ಆಫ್ ಅಸ್ ಪಾರ್ಟ್ 1’ ಆಟಗಳು ಗರಿಷ್ಠ ಸೆಟ್ಟಿಂಗಿನಲ್ಲಿ 8 ಜಿಬಿ ಕಾರ್ಡುಗಳನ್ನು ಏದುಸಿರು ಬಿಡಿಸಿದವು. ಗೋಡೆಯ ಇಟ್ಟಿಗೆ ಮಸುಕಾಗುವುದು, ಓಡುವಾಗ ಆಟ ಕ್ಷಣಕಾಲ ನಿಂತು ಮುಂದುವರಿಯುವುದು, ಇವೆಲ್ಲ ಮೆಮೊರಿ ತುಂಬಿದ ಲಕ್ಷಣಗಳು. ಸರಾಸರಿ ಫ್ರೇಮ್ ಸಂಖ್ಯೆ ತೋರಿಸುವ ಕೋಷ್ಟಕದಲ್ಲಿ ಇದು ಕಾಣುವುದೇ ಇಲ್ಲ. ಆಡುವವನಿಗೆ ಮಾತ್ರ ಗೊತ್ತಾಗುತ್ತದೆ.

4060 ಟಿಐ ಎಂಬ ಅಣ್ಣನಿಗೆ 16 ಜಿಬಿಯ ರೂಪವೂ ಬಂತು. ಅದರಲ್ಲೂ ದಾರಿ 128 ಬಿಟ್ಟೇ. ಬೋರ್ಡಿನ ಮುಂದೆ ನಾಲ್ಕು, ಹಿಂದೆ ನಾಲ್ಕು ಚಿಪ್ಪು ಕೂರಿಸಿ, ಎರಡೆರಡು ಒಂದೇ ದಾರಿಯನ್ನು ಹಂಚಿಕೊಳ್ಳುವಂತೆ ಮಾಡಿದರು. 8 ಅಥವಾ 16, ನಡುವಿನ 12 ಇಲ್ಲ ಎಂಬ ವಿಚಿತ್ರ ಆಯ್ಕೆ ಹುಟ್ಟಿದ್ದು ಹೀಗೆ.

ಮೂರನೆಯ ಕತ್ತರಿ ಬರಿಗಣ್ಣಿಗೇ ಕಾಣುತ್ತದೆ. ಮದರ್‌ಬೋರ್ಡಿನ ಸೀಳಿಗೆ ಸಿಕ್ಕಿಸುವ ಚಿನ್ನದ ಬಣ್ಣದ ಹಲ್ಲುಗಳನ್ನು ನೋಡಿ. ಉದ್ದ ಪೂರ್ತಿ ಇದೆ, ಆದರೆ ತಂತಿ ಎಳೆದಿರುವುದು ಅರ್ಧದಷ್ಟಕ್ಕೆ ಮಾತ್ರ. ಹದಿನಾರು ದಾರಿ (ಲೇನ್) ಇರಬೇಕಾದಲ್ಲಿ ಎಂಟು. ಹೊಸ ಮದರ್‌ಬೋರ್ಡಿನ ಪಿಸಿಐಇ 4.0 ಸೀಳಿನಲ್ಲಿ ಎಂಟು ಲೇನಿಗೆ ಸೆಕೆಂಡಿಗೆ ಸುಮಾರು 16 ಗಿಗಾಬೈಟ್ ಸಾಗುತ್ತದೆ, ಸಾಕು. ಆದರೆ ನಮ್ಮ ಮನೆಗಳಲ್ಲಿ ಕಾರ್ಡು ಬದಲಾಗುತ್ತದೆ, ಮದರ್‌ಬೋರ್ಡು ಬದಲಾಗುವುದಿಲ್ಲ. ಬಿ450, ಎಚ್410 ಬೋರ್ಡುಗಳು ಇನ್ನೂ ಸಾವಿರಾರು ಮನೆಗಳಲ್ಲಿ ದುಡಿಯುತ್ತಿವೆ. ಅವುಗಳದ್ದು ಹಳೆಯ ಪಿಸಿಐಇ 3.0. ಅಲ್ಲಿ ಅದೇ ಎಂಟು ಲೇನಿನಲ್ಲಿ ಸಾಗುವುದು 8 ಗಿಗಾಬೈಟ್ ಮಾತ್ರ. 8 ಜಿಬಿ ತುಂಬಿ ಹರಿದಾಗ ಉಳಿದದ್ದನ್ನು ಕಂಪ್ಯೂಟರಿನ ಸಾಮಾನ್ಯ ರ‍್ಯಾಮ್‌ನಿಂದ ಈ ದಾರಿಯಲ್ಲೇ ತರಬೇಕು. 272ರ ಹೆದ್ದಾರಿಯಿಂದ 8ರ ಓಣಿಗೆ ಇಳಿದ ಹಾಗೆ. ಎರಡನೆಯ ಕತ್ತರಿ, ಮೂರನೆಯ ಕತ್ತರಿ ಎರಡೂ ಸೇರಿ ಕೊಯ್ಯುವುದು ಹಳೆಯ ಕಂಪ್ಯೂಟರಿನ ಬಡಪಾಯಿಯನ್ನೇ. ಅಂಗಡಿಯವರು ಇದನ್ನು ತಾವಾಗಿ ಹೇಳುವುದು ಅಪರೂಪ. ಮದರ್‌ಬೋರ್ಡಿನ ಮಾದರಿ ಸಂಖ್ಯೆ ಬರೆದುಕೊಂಡು ಹೋಗಿ, ನೀವೇ ಕೇಳಿ.

ಇನ್ನು ಬೋರ್ಡು. ಗಾಜಿನ ಎಳೆಯ ಬಟ್ಟೆಗೆ ಎಪಾಕ್ಸಿ ರಾಳ ಕುಡಿಸಿ, ತಾಮ್ರದ ಪದರಗಳ ನಡುವೆ ಒತ್ತಿ ತಯಾರಿಸಿದ ಹಲಗೆ ಇದು. ಇದರ ಹಿಂದಿನ ತಲೆಮಾರು ಹಳೆಯ ರೇಡಿಯೊಗಳಲ್ಲಿ ಕಾಣುತ್ತಿದ್ದ ಕಂದು ಬಣ್ಣದ ಫಿನಾಲಿಕ್ ಹಲಗೆ, ಬೇಕಲೈಟ್ ಕುಲದ್ದು. ಮುಂಬೈ ಕನ್ನಡಿಗರಿಗೆ ಆ ಹೆಸರಿನ ಜತೆ ಒಂದು ಆಪ್ತ ನಂಟಿದೆ. ‘ಶಿಕಾರಿ’ ಬರೆದ ಯಶವಂತ ಚಿತ್ತಾಲರು ವೃತ್ತಿಯಲ್ಲಿ ಪಾಲಿಮರ್ ತಂತ್ರಜ್ಞರು, ಇದೇ ನಗರದಲ್ಲಿದ್ದು ಬೇಕಲೈಟ್ ಕಂಪನಿಯಲ್ಲಿ ದೀರ್ಘಕಾಲ ದುಡಿದವರು. ರಾಳ, ಶಾಖ, ಒತ್ತಡಗಳ ಆ ರಸಾಯನವೇ ಬೆಳೆಯುತ್ತ ಬಂದು ಇವತ್ತಿನ ಈ ಹಲಗೆಯಾಗಿದೆ.

ಚಿಪ್ಪಿನ ಪಕ್ಕದಲ್ಲಿ ಸಾಲಾಗಿ ನಿಂತ ಬೂದು ಬಣ್ಣದ ಚೌಕಗಳು ಇಂಡಕ್ಟರುಗಳು. ಪವರ್ ಸಪ್ಲೈಯಿಂದ ಬರುವುದು 12 ವೋಲ್ಟ್, ಚಿಪ್ ಬಯಸುವುದು ಸುಮಾರು 1 ವೋಲ್ಟ್. ವೋಲ್ಟೇಜು ಹನ್ನೆರಡು ಪಟ್ಟು ಇಳಿದಾಗ ಅದೇ ಶಕ್ತಿಗೆ ಕರೆಂಟು ಹೆಚ್ಚುಕಡಿಮೆ ಹನ್ನೆರಡು ಪಟ್ಟು ಏರುತ್ತದೆ, ಹತ್ತಾರು ಆಂಪಿಯರ್. ಅಷ್ಟನ್ನು ಒಂದೇ ದಾರಿಯಲ್ಲಿ ಕಳಿಸಿದರೆ ಬೋರ್ಡು ಸುಟ್ಟುಹೋಗುತ್ತದೆ. ಅದಕ್ಕೇ ಹಲವು ಹಂತಗಳಲ್ಲಿ ಹಂಚಿ ಕಳಿಸುತ್ತಾರೆ. ಅಗ್ಗದ ಮಾದರಿಗಳಲ್ಲಿ ಈ ಹಂತಗಳ ಸಂಖ್ಯೆ ಕಡಿಮೆ, ದುಬಾರಿ ಮಾದರಿಗಳಲ್ಲಿ ಹೆಚ್ಚು. 4060 ಒಟ್ಟು ಬಳಸುವುದೇ 115 ವಾಟ್ ಆದ್ದರಿಂದ ಕಡಿಮೆ ಹಂತದ ಬೋರ್ಡೂ ನೆಮ್ಮದಿಯಿಂದ ಬಾಳುತ್ತದೆ. ಇಲ್ಲಿ ಹೆಚ್ಚು ದುಡ್ಡು ಸುರಿಯುವ ಅಗತ್ಯ ಕಾಣುವುದಿಲ್ಲ.

ದುಡ್ಡು ಸುರಿಯಬೇಕಾದದ್ದು ಕಾರ್ಡಿನ ಹೊರಗೆ, ಪವರ್ ಸಪ್ಲೈಗೆ. ಕ್ಯಾಬಿನೆಟ್ಟಿನ ಜತೆಗೇ ಬರುವ, ಚೀಟಿಯ ಮೇಲೆ ಮಾತ್ರ ‘500 ವಾಟ್’ ಇರುವ ಡಬ್ಬಿಗಳನ್ನು ನಂಬಬಾರದು. 4060ಕ್ಕೆ ಎನ್ವಿಡಿಯಾ ಸೂಚಿಸುವುದು 550 ವಾಟ್‌ನ ಸಪ್ಲೈ. ಹಳೆಯ ಚಾಳುಗಳಲ್ಲಿ ಇನ್ನೊಂದು ತೊಂದರೆ ಇದೆ, ಅರ್ಥಿಂಗ್ ಇಲ್ಲದ ಸಾಕೆಟ್ಟು. ಕಂಪ್ಯೂಟರಿನ ಮೈ ಮುಟ್ಟಿದರೆ ಜುಮ್ ಎನ್ನುತ್ತದಲ್ಲ, ಅದು ಸಪ್ಲೈಯ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸೋರಿದ ವಿದ್ಯುತ್ತು. ನೆಲಕ್ಕೆ ಇಳಿಯಲು ದಾರಿಯಿಲ್ಲದೆ ಅದು ಕ್ಯಾಬಿನೆಟ್ಟಿನ ಮೇಲೇ ಕೂತಿರುತ್ತದೆ. ಆ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ಕೇಬಲ್ ಚುಚ್ಚಿದಾಗ ಕಾರ್ಡಿನ ಪೋರ್ಟೇ ಸುಟ್ಟುಹೋಗಬಹುದು. ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೂರನೆಯ ತಂತಿ ಎಳೆಸುವುದಕ್ಕೆ ತಗಲುವ ಖರ್ಚು ಕಾರ್ಡಿನ ಬೆಲೆಯ ಮುಂದೆ ಏನೇನೂ ಅಲ್ಲ, ಮನೆಯವರ ಜೀವಕ್ಕೂ ಅದೇ ಕ್ಷೇಮ.

ಈಗ ಕೂಲರ್, ಮತ್ತು ಮುಂಬೈಯ ಹವೆ.

ತಾಮ್ರದ ಕೊಳವೆಯೊಳಗೆ ಗಾಳಿ ತೆಗೆದು ತುಸು ನೀರು ಬಿಟ್ಟು ಮುಚ್ಚಿರುತ್ತಾರೆ. ಒತ್ತಡ ಕಡಿಮೆ ಇರುವುದರಿಂದ ಚಿಪ್ಪಿನ ಬಿಸಿಗೆ ನೀರು ಬೇಗನೆ ಆವಿಯಾಗಿ ಕೊಳವೆಯ ತಣ್ಣನೆಯ ತುದಿಗೆ ಹೋಗುತ್ತದೆ, ಅಲ್ಲಿ ಮತ್ತೆ ನೀರಾಗಿ ಒಳಗೋಡೆಯ ಸೂಕ್ಷ್ಮ ರಂಧ್ರಗಳ ಮೂಲಕ ಹಿಂದಿರುಗುತ್ತದೆ. ಆ ತುದಿಯಲ್ಲಿ ಅಲ್ಯುಮಿನಿಯಂ ರೆಕ್ಕೆಗಳು, ರೆಕ್ಕೆಗಳ ಮೇಲೆ ಫ್ಯಾನು. ಯುರೋಪು, ಅಮೆರಿಕದ ವಿಮರ್ಶಕರು ಈ ಕೂಲರನ್ನು ಪರೀಕ್ಷಿಸುವುದು 20–22 ಡಿಗ್ರಿಯ ಕೋಣೆಯಲ್ಲಿ. ಏಪ್ರಿಲ್, ಮೇ, ಅಕ್ಟೋಬರ್ ತಿಂಗಳ ಮುಂಬೈಯಲ್ಲಿ ಏಸಿಯಿಲ್ಲದ ಕೋಣೆ 33 ಡಿಗ್ರಿ ಇರುವುದು ಸಾಮಾನ್ಯ. ಕೂಲರ್ ಮಾಡುವುದು ಕೋಣೆಯ ಉಷ್ಣತೆಗಿಂತ ಚಿಪ್ ಎಷ್ಟು ಮೇಲಿರಬೇಕು ಎಂಬುದನ್ನು ಹಿಡಿದಿಡುವ ಕೆಲಸ. ಆದ್ದರಿಂದ ಅಲ್ಲಿ 65 ಡಿಗ್ರಿ ಎಂದು ಬಂದದ್ದನ್ನು ಇಲ್ಲಿ 76 ಎಂದು ಓದಿಕೊಳ್ಳಬೇಕು. 4060ರ ಮಿತಿ 90. ಅಪಾಯವಿಲ್ಲ, ಆದರೆ ಫ್ಯಾನು ಜೋರಾಗಿ ತಿರುಗಲೇಬೇಕು.

ಮೂರು ಫ್ಯಾನಿನ ದುಬಾರಿ ಮಾದರಿ ಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ವೇಗಕ್ಕಾಗಿ ಬೇಡ. 115 ವಾಟ್‌ನ ಚಿಪ್ಪಿನಲ್ಲಿ ಅಗ್ಗದ ಮಾದರಿಗೂ ದುಬಾರಿ ಮಾದರಿಗೂ ವೇಗದ ವ್ಯತ್ಯಾಸ ಆಡುವಾಗ ಗೊತ್ತಾಗುವಂಥದ್ದಲ್ಲ. ಆದರೆ ಒಂದು ಕೋಣೆ, ಒಂದು ಅಡುಗೆಮನೆಯ ಮನೆಯಲ್ಲಿ ಕಂಪ್ಯೂಟರ್ ಇರುವ ಕೋಣೆಯಲ್ಲೇ ಅಜ್ಜಿ ಮಲಗಿರುತ್ತಾರೆ, ಬೆಳಗಿನ ಪಾಳಿಗೆ ನಾಲ್ಕಕ್ಕೆ ಏಳಬೇಕಾದ ಅಪ್ಪ ಮಲಗಿರುತ್ತಾರೆ. ದೊಡ್ಡ ಕೂಲರಿನ ಫ್ಯಾನುಗಳು ನಿಧಾನವಾಗಿ ತಿರುಗಿದರೂ ಸಾಕು. ಆ ಸದ್ದಿಲ್ಲದಿರುವಿಕೆಗೆ ಎರಡು ಸಾವಿರ ಹೆಚ್ಚು ಕೊಡುವುದು ಶೋಕಿಯಲ್ಲ. ಬಣ್ಣದ ದೀಪಕ್ಕೆ ಕೊಡಬೇಡಿ. ಫ್ಯಾನಿನ ಬೇರಿಂಗ್ ಯಾವುದೆಂದೂ ವಿಚಾರಿಸಿ. ಎಣ್ಣೆಯ ಮೇಲೆ ತಿರುಗುವ ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಬಿಸಿಗೆ ಬೇಗ ಒಣಗುತ್ತದೆ, ಜೋಡಿ ಬಾಲ್ ಬೇರಿಂಗ್ ಬಿಸಿಯಲ್ಲಿ ಹೆಚ್ಚು ಬಾಳುತ್ತದೆ.

ತೇವದ ವಿಷಯಕ್ಕೆ ಬಂದರೆ, ಮನುಷ್ಯನನ್ನು ಅದು ಬೇಯಿಸುವಂತಿದ್ದರೂ ಚಿಪ್ ತಣಿಯುವುದಕ್ಕೆ ಅದರಿಂದ ಹೇಳಿಕೊಳ್ಳುವ ಅಡ್ಡಿಯಿಲ್ಲ. ಬೆವರುವ ಮೈಗೆ ಆವಿಯಾಗುವಿಕೆ ಮುಖ್ಯ, ಕಾರ್ಡಿಗೆ ಗಾಳಿಯ ಉಷ್ಣತೆ ಮಾತ್ರ ಮುಖ್ಯ. ತೇವ ಕೆಡುಕು ಮಾಡುವುದು ಬೇರೆ ರೀತಿಯಲ್ಲಿ. ಲ್ಯಾಮಿಂಗ್ಟನ್ ರೋಡಿನ ಆಸುಪಾಸಿನ ಮಹಡಿಗಳಲ್ಲಿ ಕಾರ್ಡು ರಿಪೇರಿ ಮಾಡುವವರ ಮೇಜಿನ ಮುಂದೆ ನಿಂತರೆ ಅದು ಕಣ್ಣಾರೆ ಕಾಣುತ್ತದೆ. ಸ್ಕ್ರೂ ತಲೆಯ ಮೇಲೆ ಕಂದು ತುಕ್ಕು, ಎಚ್‌ಡಿಎಂಐ ಪೋರ್ಟಿನ ಬಾಯಲ್ಲಿ ಹಸಿರು ಪುಡಿ, ಥರ್ಮಲ್ ಪ್ಯಾಡಿನಿಂದ ಸೋರಿದ ಸಿಲಿಕೋನ್ ಎಣ್ಣೆಗೆ ಅಂಟಿಕೊಂಡ ಧೂಳು. ಅವರು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಷ್ ಅದ್ದಿ ಕೆಪಾಸಿಟರುಗಳ ಸಂದಿಯಲ್ಲಿ ಉಜ್ಜುತ್ತಾರೆ. ಬೂದು ನೀರು ಇಳಿಯುತ್ತದೆ, ಅಡಿಯಲ್ಲಿ ಬೋರ್ಡಿನ ನಿಜವಾದ ಬಣ್ಣ ಕಾಣುತ್ತದೆ. ಫ್ಯಾನಿಗೆ ಗಾಳಿ ಊದುವ ಮೊದಲು ಬೆರಳಿನಿಂದ ಅದನ್ನು ಒತ್ತಿ ಹಿಡಿಯುತ್ತಾರೆ. ಬಿಟ್ಟರೆ ಮಿತಿಮೀರಿದ ವೇಗದಲ್ಲಿ ತಿರುಗಿ ಬೇರಿಂಗ್ ಕೆಡುತ್ತದೆ, ತಿರುಗುವ ಮೋಟಾರು ತಾನೇ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ತಳ್ಳುತ್ತದೆ.

ಸಮುದ್ರದ ಗಾಳಿಯ ಉಪ್ಪು ಒಂದು ಕಡೆ, ಖಾಡಿ ಮತ್ತು ನಾಲೆಗಳಿಂದ ಏಳುವ ಗಂಧಕದ ಅನಿಲ ಇನ್ನೊಂದು ಕಡೆ. ಆ ಕೊಳೆತ ಮೊಟ್ಟೆಯ ವಾಸನೆಯ ಅನಿಲ ತಾಮ್ರವನ್ನೂ ಬೆಳ್ಳಿಯನ್ನೂ ಕಪ್ಪಾಗಿಸಿ ತಿನ್ನುತ್ತದೆ. ನಾಲೆಯ ಬದಿಯ ಮನೆಗಳಲ್ಲಿ ಏಸಿಯ ಕಾಯಿಲ್ ಬೇಗ ತೂತಾಗುವುದನ್ನು ಮುಂಬೈಯವರು ಬಲ್ಲರು. ಕಾರ್ಡಿಗೂ ಅದೇ ಗಾಳಿ. ಧೂಳು ಒಣಗಿದ್ದರೆ ಬರೀ ಕಂಬಳಿಯಾಗಿ ಬಿಸಿ ಹಿಡಿದಿಡುತ್ತದೆ. ಜುಲೈ ತಿಂಗಳಲ್ಲಿ ತೇವ ಹೀರಿ ಉಪ್ಪು ಕರಗಿಸಿಕೊಂಡರೆ ಅದೇ ಧೂಳು ವಿದ್ಯುತ್ ಹರಿಯುವ ಪದರವಾಗುತ್ತದೆ. ಪರೀಕ್ಷೆ ಎಂದು ಮಳೆಗಾಲವಿಡೀ ಕಂಪ್ಯೂಟರನ್ನು ಮುಚ್ಚಿಡುವುದಕ್ಕಿಂತ ಎರಡು ದಿನಕ್ಕೊಮ್ಮೆ ಅರ್ಧ ಗಂಟೆ ನಡೆಸುವುದು ಒಳ್ಳೆಯದು. ಒಳಗಿನ ಬಿಸಿಯೇ ತೇವವನ್ನು ಓಡಿಸುತ್ತದೆ. ಮಳೆ ಶುರುವಾಗುವ ಮೊದಲು, ಮೇ ಕೊನೆಯಲ್ಲಿ ಒಮ್ಮೆ ಧೂಳು ತೆಗೆಸಿದರೆ ಇನ್ನೂ ಒಳ್ಳೆಯದು.

ಬಿಸಿಯ ನೋಟದಿಂದ 4060ರ 115 ವಾಟ್ ಅದರ ಅತಿ ದೊಡ್ಡ ಗುಣ. 3060 ಬಳಸುತ್ತಿದ್ದುದು 170. ಕಾರ್ಡು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಕೋಣೆಯ ಬಿಸಿಯೇ. ಹತ್ತಡಿ ಹನ್ನೆರಡಡಿಯ ಮುಚ್ಚಿದ ಕೋಣೆಯಲ್ಲಿ 55 ವಾಟ್ ಕಡಿಮೆಯಾದರೆ ಕೂತವರ ಬೆನ್ನಿಗೆ ಗೊತ್ತಾಗುತ್ತದೆ. ದಿನಕ್ಕೆ ನಾಲ್ಕು ಗಂಟೆಯ ಆಟಕ್ಕೆ ವರ್ಷಕ್ಕೆ ಸುಮಾರು 80 ಯೂನಿಟ್ ಉಳಿತಾಯವೂ ಹೌದು. ಕತ್ತರಿ ಹಾಕಿದ್ದಕ್ಕೆ ಬೈದ ಮೇಲೆ, ಆ ಚಿಕ್ಕ ಚಿಪ್ಪಿನಿಂದಲೇ ಈ ಲಾಭ ಬಂತು ಎಂಬುದನ್ನೂ ಹೇಳಲೇಬೇಕು.

ಸಾಫ್ಟ್‌ವೇರಿನ ಗುಣಗಳ ಬಗ್ಗೆ ಪೆಟ್ಟಿಗೆಯೇ ಸಾಕಷ್ಟು ಹೇಳುತ್ತದೆ, ನಾನು ಸಂಕ್ಷೇಪಿಸುತ್ತೇನೆ. ಡಿಎಲ್‌ಎಸ್‌ಎಸ್ ಎಂಬುದು 1280×720ರಲ್ಲಿ ಚಿತ್ರ ಬಿಡಿಸಿ, ಕಲಿಸಿಟ್ಟ ನ್ಯೂರಲ್ ಜಾಲದ ನೆರವಿನಿಂದ ಅದನ್ನು 1920×1080ಕ್ಕೆ ಹಿಗ್ಗಿಸುತ್ತದೆ. 20.7 ಲಕ್ಷ ಬಿಂದುಗಳ ಬದಲು 9.2 ಲಕ್ಷದ ಲೆಕ್ಕ. ನಿಜಕ್ಕೂ ಉಪಯುಕ್ತ. ಫ್ರೇಮ್ ಜನರೇಷನ್ ಎರಡು ಚಿತ್ರಗಳ ನಡುವೆ ಮೂರನೆಯದನ್ನು ಊಹಿಸಿ ತುಂಬುತ್ತದೆ. ಪರದೆಯ ಮೇಲೆ ಚಲನೆ ನುಣುಪಾಗುತ್ತದೆ, ಆದರೆ ಮೌಸ್ ಒತ್ತಿದ್ದಕ್ಕೆ ಆಟ ಸ್ಪಂದಿಸುವ ವೇಗ ಏರುವುದಿಲ್ಲ. ಅದು ಕೆಲಸ ಮಾಡಲು ಕಾರ್ಡಿನ ಮೆಮೊರಿಯಲ್ಲೂ ಜಾಗ ಬೇಕು. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿರುವ ಗುಣ ತಿನ್ನುವುದು ಕತ್ತರಿಸಿ ಉಳಿಸಿದ 8 ಜಿಬಿಯನ್ನೇ. ಎವಿ1 ವಿಡಿಯೊ ಎನ್‌ಕೋಡರ್ ಮಾತ್ರ ಆಟವಾಡದವರಿಗೂ ಲಾಭ. ಅಂಧೇರಿಯ ಸ್ಟುಡಿಯೊಗಳಿಗೆ ಮನೆಯಿಂದಲೇ ಎಡಿಟಿಂಗ್ ಮಾಡಿಕೊಡುವ, ಬ್ಲೆಂಡರ್ ಕಲಿಯುವ ಮಕ್ಕಳಿಗೆ ಈ ಕಾರ್ಡು ಅನ್ನದ ದಾರಿಯೂ ಆಗಬಲ್ಲದು. ಮಗ ‘ಓದಿಗೆ ಬೇಕು’ ಎಂದರೆ ಅದು ನೆಪವೇ ಇರಬೇಕೆಂದಿಲ್ಲ.

ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯ ಬಗ್ಗೆ ಒಂದು ಮಾತು. 2021ರಲ್ಲಿ ಎಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಗಣಿಗಾರಿಕೆಯ ಹುಚ್ಚಿಗೆ 329 ಡಾಲರಿನ 3060 ದುಪ್ಪಟ್ಟು ಬೆಲೆಗೂ ಸಿಗದಂತಾಗಿತ್ತು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ಗಣಿಗಾರಿಕೆಯೇ ಬೇಡದಂತೆ ವಿಧಾನ ಬದಲಿಸಿದ ಮೇಲೆ ಹಗಲೂ ರಾತ್ರಿ ದುಡಿದ ಕಾರ್ಡುಗಳು ರಾಶಿ ರಾಶಿಯಾಗಿ ಹೊರಬಂದವು. ಚಿಪ್ಪಿಗೆ ಅಷ್ಟು ಹಾನಿಯಿಲ್ಲದಿದ್ದರೂ ಫ್ಯಾನು, ಪ್ಯಾಡು, ಮೆಮೊರಿ ಬಳಲಿರುತ್ತವೆ. 12 ಜಿಬಿಯ ಹಳೆಯ 3060 ಒಳ್ಳೆಯ ಬೆಲೆಗೆ ಸಿಕ್ಕರೆ ಬಿಡಬೇಕಾಗಿಲ್ಲ. ಅದರ ಲೇನ್ ಹದಿನಾರು, ಹಳೆಯ ಮದರ್‌ಬೋರ್ಡಿಗೂ ಹೊಂದುತ್ತದೆ. ಆದರೆ ಅಂಗಡಿಯಲ್ಲೇ ಅರ್ಧ ಗಂಟೆ ಪೂರ್ತಿ ಹೊರೆ ಕೊಟ್ಟು ನಡೆಸಿ ನೋಡಿ. ಸೀಲ್ ಬಿಚ್ಚಿದ ಸ್ಕ್ರೂ, ಓಲಾಡುವ ಫ್ಯಾನು, ಪರದೆಯ ಮೇಲೆ ಮಿನುಗುವ ಚುಕ್ಕೆಗಳಿದ್ದರೆ ಕೈ ಬಿಡಿ. ಹೊಸದಾದರೆ ಪಕ್ಕಾ ಬಿಲ್ ಬೇಕೇ ಬೇಕು. ಪೆಟ್ಟಿಗೆಯ ಸೀರಿಯಲ್ ಸಂಖ್ಯೆಯೂ ಕಾರ್ಡಿನ ಮೇಲಿನ ಸಂಖ್ಯೆಯೂ ಬಿಲ್ಲಿನದೂ ಒಂದೇ ಇರಬೇಕು. ಕಚ್ಚಾ ಬಿಲ್ಲಿನಲ್ಲಿ ಉಳಿಯುವ ದುಡ್ಡು ಮೊದಲ ವಾರಂಟಿ ಜಗಳದಲ್ಲೇ ಹೋಗುತ್ತದೆ.

ಈ ಚಿಪ್ಪುಗಳ ಕೆಲಸದಲ್ಲಿ ನಮ್ಮವರೂ ಇದ್ದಾರೆ. ಎನ್ವಿಡಿಯಾ ಬೆಂಗಳೂರಿಗೆ ಬಂದದ್ದು 2004ರಲ್ಲಿ. ಎಎಂಡಿ 2023ರ ನವೆಂಬರಿನಲ್ಲಿ ಅಲ್ಲೇ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ತೆರೆಯಿತು. ಮುಂಬೈಗೆ ಎನ್ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್ ಬಂದದ್ದು 2024ರ ಅಕ್ಟೋಬರಿನಲ್ಲಿ, ಬಾಂದ್ರಾ–ಕುರ್ಲಾ ಸಂಕೀರ್ಣದ ಸಮಾವೇಶಕ್ಕೆ. ಅಲ್ಲಿನ ಮಾತೆಲ್ಲ ಕೃತಕ ಬುದ್ಧಿಮತ್ತೆಯ ಸುತ್ತಲೇ. ಒಂದೇ ಕಾರ್ಖಾನೆಯ ಸಾಮರ್ಥ್ಯಕ್ಕೆ ಡೇಟಾ ಸೆಂಟರ್ ಲಕ್ಷಗಟ್ಟಲೆ ಕೊಡಲು ಸಿದ್ಧವಿರುವಾಗ ಮೂವತ್ತು ಸಾವಿರದ ಗಿರಾಕಿಗೆ ಉದಾರವಾಗಿ ಮೆಮೊರಿ ಹಾಕಿಕೊಡುವ ಆತುರ ಯಾರಿಗೂ ಇಲ್ಲ. ನನಗೆ ಇದು ಬೇಸರದ ಸಂಗತಿ. ಎನ್ವಿಡಿಯಾವನ್ನು ಎರಡು ದಶಕ ಸಾಕಿದ್ದು ಆಟವಾಡುವ ಹುಡುಗರೇ.

2025ರ ಮೇ ತಿಂಗಳಲ್ಲಿ ಬಂದ ಆರ್‌ಟಿಎಕ್ಸ್ 5060ರಲ್ಲಿ ಚಿಪ್ ಮತ್ತೆ ‘06’ಕ್ಕೆ ಏರಿದೆ. ಹೊಸ ಜಿಡಿಡಿಆರ್7ರಿಂದ ಮೆಮೊರಿಯ ವೇಗ 448 ಗಿಗಾಬೈಟಿಗೆ ಜಿಗಿದಿದೆ, ವಿದ್ಯುತ್ 145 ವಾಟ್ ಆಗಿದೆ. 8 ಜಿಬಿ, 128 ಬಿಟ್, ಎಂಟು ಲೇನ್ ಮಾತ್ರ ಹಾಗೇ ಇವೆ. ಇಂಟೆಲ್‌ನ ಆರ್ಕ್ ಬಿ580 ಅದಕ್ಕಿಂತ ಕಡಿಮೆ ಬೆಲೆಗೆ 192 ಬಿಟ್, 12 ಜಿಬಿ ಕೊಟ್ಟಿತು. ಆದರೆ 190 ವಾಟ್ ಬೇಡುತ್ತದೆ, ಹಳೆಯ ಪ್ರೊಸೆಸರಿನ ಜತೆ ಅದರ ಡ್ರೈವರ್ ತೊಡಕುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿಯ ರೂಪದಲ್ಲೂ ಇದೆ, ಲೇನ್ ಪೂರ್ತಿ ಹದಿನಾರು. ಈಗ ಕೊಳ್ಳಲೇಬೇಕಾದವರಿಗೆ, ಬಜೆಟ್ ಸ್ವಲ್ಪ ಹಿಗ್ಗುವುದಾದರೆ, ನಾನು ತೋರಿಸುವುದು ಅದನ್ನೇ. ಕಾಯಬಲ್ಲವರಿಗೆ ಇನ್ನೊಂದು ವಿಷಯ: ಜಿಡಿಡಿಆರ್7ರಲ್ಲಿ 2 ಜಿಬಿಯ ಜತೆಗೆ 3 ಜಿಬಿಯ ಚಿಪ್ಪೂ ತಯಾರಾಗುತ್ತಿದೆ. ದುಬಾರಿ ಲ್ಯಾಪ್‌ಟಾಪುಗಳ ಆರ್‌ಟಿಎಕ್ಸ್ 5090ರಲ್ಲಿ ಅದನ್ನು ಆಗಲೇ ಬಳಸಿದ್ದಾರೆ. ಅಂಥ ನಾಲ್ಕು ಚಿಪ್ಪುಗಳನ್ನು ಅದೇ ಕಿರಿದಾದ 128 ಬಿಟ್ ದಾರಿಗೆ ಜೋಡಿಸಿದರೆ 12 ಜಿಬಿ ಆಗುತ್ತದೆ, ಅದಕ್ಕಾಗಿ ಚಿಪ್ಪಿನ ಅಂಚನ್ನು ಒಂದು ಮಿಲಿಮೀಟರೂ ಹಿಗ್ಗಿಸಬೇಕಾಗಿಲ್ಲ.